ತಾಳ್ಮೆ ಎಂಬ ದುಡಿಮೆ

‘ತಾಳ್ಮೆ’ ಅಚ್ಚಗನ್ನಡದ ಪದ. ‘ತಾಳ್’ ಎಂಬ ಕ್ರಿಯಾಪದಕ್ಕೆ ‘ಮೆ’ ಸೇರಿ ಆದ ನಾಮಪದ ಇದು. ‘ದುಡಿ’ ದುಡಿಮೆ ಆದಂತೆ, ‘ಒಲ್’ ಒಲ್ಮೆ ಆದಂತೆ. ಹುಟ್ಟಿನಿಂದಲೇ ಇದು ಕ್ರಿಯೆಯ ಮನೆತನಕ್ಕೆ ಸೇರಿದ್ದು. ಈಗಿನ ಬಳಕೆಯಲ್ಲಿ ಮಾತ್ರ ತಾಳ್ಮೆ ಎಂದರೆ ಸುಮ್ಮನಿರುವುದು, ಬಾಯಿ ಮುಚ್ಚಿಕೊಂಡಿರುವುದು, ಬಂದದ್ದನ್ನು ಅನುಭವಿಸುವುದು ಎಂಬ ಅರ್ಥವೇ ಮುಂದೆ ನಿಂತಿದೆ. ಬೆಂಗಳೂರಿನ ಹಳೆಯ ಪೇಟೆಯ ಕನ್ನಡ ಕ್ರೈಸ್ತರು ಎರಡು ಶತಮಾನಗಳಿಂದ ಈ ಪದದೊಡನೆ ಬದುಕಿದ ಬಗೆಯನ್ನು ನೋಡಿದರೆ, ಅದರ ಹಳೆಯ ಅರ್ಥ ಇನ್ನೂ ಬಳಕೆ ತಪ್ಪಿಲ್ಲ ಎಂಬುದು ತಿಳಿಯುತ್ತದೆ.

‘ತಾಳು’ ಎಂಬುದಕ್ಕೆ ಮೊದಲಿನಿಂದ ಇರುವ ಅರ್ಥ ಹಿಡಿ, ಹೊಂದು, ಧರಿಸು. ರೂಪ ತಾಳುವುದು, ಜನ್ಮ ತಾಳುವುದು, ನಿಲುವು ತಾಳುವುದು, ಮೌನ ತಾಳುವುದು, ಎಲ್ಲದರಲ್ಲೂ ತಾಳುವವನು ತಾನಾಗಿ ಒಂದನ್ನು ಕೈಗೆತ್ತಿಕೊಂಡಿರುತ್ತಾನೆ. ಎರಡನೆಯದು ಭಾರ ತಡೆದುಕೊಳ್ಳುವ ಅರ್ಥ: ತೊಲೆ ತಾರಸಿಯನ್ನು ತಾಳುತ್ತದೆ, ಹಗ್ಗ ತೂಕವನ್ನು ತಾಳುತ್ತದೆ. ಮೂರನೆಯದು ಬಾಳಿಕೆ. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಅಂಗಡಿಗಳಲ್ಲಿ ಗಿರಾಕಿ ಚೀಲದ ಹೊಲಿಗೆ ಎಳೆದು ನೋಡುತ್ತ ‘ಇದು ಎಷ್ಟು ದಿನ ತಾಳತ್ತೆ?’ ಎಂದು ಕೇಳುವುದು ಈ ಅರ್ಥದಲ್ಲಿ. ನಾಲ್ಕನೆಯದು ಕಾಯುವುದು. ಮೂಟೆ ಹೊತ್ತ ಹಮಾಲಿ ಹಿಂದಿನವನಿಗೆ ‘ತಾಳಣ್ಣ, ಹೆಗಲು ಬದಲಾಯಿಸ್ತೀನಿ’ ಎಂದಾಗ ಹೊರುವುದೂ ಕಾಯುವುದೂ ಒಂದೇ ಮಾತಿನಲ್ಲಿ ಕೂಡುತ್ತವೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಈ ನಾಲ್ಕೂ ಅರ್ಥಗಳನ್ನು ಒಳಗೊಳ್ಳುತ್ತದೆ.

ನೆರೆಯ ಪದಗಳ ಜೊತೆ ಇಟ್ಟರೆ ತಾಳ್ಮೆಯ ಬಣ್ಣ ಇನ್ನಷ್ಟು ಸ್ಪಷ್ಟ. ಸಹನೆ ಸಂಸ್ಕೃತದಿಂದ ಬಂದದ್ದು. ಬರಹದಲ್ಲಿ, ಭಾಷಣದಲ್ಲಿ ಅದಕ್ಕೆ ಹೆಚ್ಚು ಜಾಗ. ಸೈರಣೆಯಲ್ಲಿ ಇನ್ನೊಬ್ಬರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಛಾಯೆಯಿದೆ. ಸಮಾಧಾನ ಎಂಬುದು ಮನೆಮಾತಿನಲ್ಲಿ ಅವಸರಪಡಬೇಡ ಎಂಬ ಅರ್ಥ ಕೊಟ್ಟರೆ, ಕನ್ನಡ ಕ್ರೈಸ್ತರ ಆರಾಧನೆಯಲ್ಲಿ ಶಾಂತಿ ಎಂಬ ದೊಡ್ಡ ಅರ್ಥಕ್ಕೆ ಏರುತ್ತದೆ. ತಾಳ್ಮೆ ಇವೆಲ್ಲವಕ್ಕಿಂತ ಮೈಗೆ ಹತ್ತಿರದ ಪದ. ಅದಕ್ಕೆ ಭಕ್ತಿಯ ನಂಟೂ ಹಳೆಯದು. 16ನೆಯ ಶತಮಾನದ ಹರಿದಾಸ ವಾದಿರಾಜರು ತಾಳುವಿಕೆಗೆ ಸಮನಾದ ತಪಸ್ಸು ಬೇರೊಂದಿಲ್ಲ ಎಂಬ ಭಾವದ ಕೀರ್ತನೆ ರಚಿಸಿದ್ದಾರೆ. ಹೀಗೆ ದಾಸರ ಬಾಯಲ್ಲಿ ಪಳಗಿದ್ದ ಪದವೇ ಮುಂದೆ ಚರ್ಚಿನೊಳಕ್ಕೂ ನಡೆಯಿತು.

ಬೈಬಲನ್ನು ಕನ್ನಡಕ್ಕೆ ತರುವ ಕೆಲಸ ತಾನೇ ತಾಳ್ಮೆಯ ಕಥೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಹೊರಟದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ನೆಲೆಸಲು ಅವಕಾಶ ಸಿಗದೆ ಬಳ್ಳಾರಿಯಲ್ಲಿ ನಿಂತರು. ಭಾಷೆ ಕಲಿತು, ಪಂಡಿತರ ನೆರವಿನಿಂದ ಹೊಸ ಒಡಂಬಡಿಕೆಯನ್ನು ಮುಗಿಸಿ, ಪೂರ್ತಿ ಬೈಬಲು ಅಚ್ಚಾಗಿ ಬರುವ ಹೊತ್ತಿಗೆ 1830ರ ದಶಕ ಬಂದಿತ್ತು. ಅವರ ಜೊತೆಗಾರ ವಿಲಿಯಂ ರೀವ್ ಇದೇ ಅವಧಿಯಲ್ಲಿ ಇಂಗ್ಲಿಷ್–ಕನ್ನಡ, ಕನ್ನಡ–ಇಂಗ್ಲಿಷ್ ನಿಘಂಟುಗಳನ್ನು ಸಿದ್ಧಪಡಿಸಿದರು. ಮುಂದಿನ ತಲೆಮಾರುಗಳು ಅನುವಾದವನ್ನು ಮತ್ತೆ ಮತ್ತೆ ತಿದ್ದಿದವು. ಹೀಗೆ ರೂಪುಗೊಂಡ ‘ಸತ್ಯವೇದ’ವೇ ಕನ್ನಡ ಪ್ರೊಟೆಸ್ಟೆಂಟರ ಮನೆಮಾತನ್ನು ತಿದ್ದಿದ ಗ್ರಂಥ.

ಹೊಸ ಒಡಂಬಡಿಕೆಯ ಮೂಲ ಗ್ರೀಕಿನಲ್ಲಿ ತಾಳ್ಮೆಗೆ ಎರಡು ಪದಗಳಿವೆ. ‘ಹುಪೊಮೊನೆ’ ಎಂದರೆ ಭಾರದ ಕೆಳಗೆ ಕದಲದೆ ನಿಲ್ಲುವುದು. ಇದು ಕಷ್ಟಗಳ ಎದುರಿನ ಗುಣ. ‘ಮಕ್ರೊಥುಮಿಯ’ ಎಂದರೆ ಬೇಗ ಸಿಟ್ಟಾಗದಿರುವುದು. ಇದು ಮನುಷ್ಯರ ಎದುರಿನ ಗುಣ. ಪ್ರಚಲಿತ ಸತ್ಯವೇದದಲ್ಲಿ ಎರಡನೆಯದಕ್ಕೆ ಒಂದು ಕಡೆ ದೀರ್ಘಶಾಂತಿ ಎಂಬ ಸಂಸ್ಕೃತ ಸಮಾಸ ಬಂದಿದೆ, ಇನ್ನೊಂದು ಕಡೆ ತಾಳ್ಮೆಯೇ ಬಂದಿದೆ. ಮೊದಲನೆಯದಕ್ಕಂತೂ ತಾಳ್ಮೆಗಿಂತ ಒಪ್ಪುವ ಪದ ಸಿಗುವುದು ಕಷ್ಟ. ಭಾರ ತಡೆಯುವುದು, ಬಾಳಿಕೆ ಬರುವುದು, ಕಾಯುವುದು, ಮೂರೂ ಅದರಲ್ಲಿ ಮೊದಲೇ ಇದ್ದವು.

ಆದರೆ ಪದ ಹೊಸ ಮನೆಗೆ ಬಂದಾಗ ಹೊಸ ನಂಟುಗಳೂ ಸೇರಿದವು. ಅಪೊಸ್ತಲ ಪೌಲನು ರೋಮಿನ ಕ್ರೈಸ್ತ ಸಭೆಗೆ ಬರೆದ ಪತ್ರದಲ್ಲಿ ಒಂದು ಸರಪಣಿ ಇದೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಸ್ವಭಾವ, ಅದರಿಂದ ನಿರೀಕ್ಷೆ. ಇಲ್ಲಿ ತಾಳ್ಮೆ ಸರಪಣಿಯ ಕೊನೆಯ ಕೊಂಡಿಯಲ್ಲ, ನಡುವಿನದು. ಸಹಿಸಿದ್ದೇ ಸಾಧನೆ ಎಂದು ಅಲ್ಲಿಗೆ ನಿಲ್ಲುವುದಿಲ್ಲ. ಅದು ಮನುಷ್ಯನನ್ನು ಮುಂದಕ್ಕೆ ಒಯ್ಯಬೇಕು. ‘ನಿರೀಕ್ಷೆ’ ಎಂಬುದು ಬೇರೆಯವರಿಗೆ ಬಸ್ಸಿನ ನಿರೀಕ್ಷೆ, ಫಲಿತಾಂಶದ ನಿರೀಕ್ಷೆ. ಕನ್ನಡ ಕ್ರೈಸ್ತರಿಗೆ ಅದು ಶಿಲುಬೆಯ ಆಚೆಗಿನ ಪುನರುತ್ಥಾನದ ಭರವಸೆ. ಕ್ರೈಸ್ತ ತಿಳಿವಳಿಕೆಯಲ್ಲಿ ತಾಳುವ ಬಲ ತಾಳುವವನ ಸ್ವಂತ ಸೊತ್ತಲ್ಲ, ಕೃಪೆಯಿಂದ ಬಂದದ್ದು. ಆದ್ದರಿಂದ ಬಲ ಕುಂದಿದವನು ನಾಚಬೇಕಿಲ್ಲ, ಬೇಡಬಹುದು.

‘ಯೋಬನ ತಾಳ್ಮೆ’ ಎಂಬ ನುಡಿಗಟ್ಟು ಈ ಸಮುದಾಯದ ಮಾತಿನಲ್ಲಿ ಗಾದೆಯಂತೆ ಉಳಿದಿದೆ. ಆಸ್ತಿ, ಮಕ್ಕಳು, ಆರೋಗ್ಯ ಮೂರನ್ನೂ ಕಳೆದುಕೊಂಡ ಯೋಬ ಮೌನವಾಗಿ ಸಹಿಸಿದನೆಂದೇ ಹಲವರ ಎಣಿಕೆ. ಬೈಬಲಿನ ಯೋಬನ ಗ್ರಂಥ ಹಾಗೆ ಹೇಳುವುದಿಲ್ಲ. ಅದರ 42 ಅಧ್ಯಾಯಗಳಲ್ಲಿ, ಕೊನೆಗೆ ದೇವರು ಮಾತಾಡುವವರೆಗೆ, ಯೋಬ ಸುಮ್ಮನೆ ತಲೆಬಾಗಿರುವುದು ಮೊದಲ ಎರಡರಲ್ಲಿ ಮಾತ್ರ. ಮೂರನೆಯದರಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಮುಂದೆ ಗೆಳೆಯರೊಡನೆ ವಾದಿಸುತ್ತಾನೆ, ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಕೊನೆಯಲ್ಲಿ ದೇವರ ಸಿಟ್ಟಿಗೆ ಗುರಿಯಾಗುವವರು ಸಿದ್ಧ ಉಪದೇಶ ಕೊಟ್ಟ ಗೆಳೆಯರು. ಬೈಬಲಿನ ಕೀರ್ತನೆಗಳ ಗ್ರಂಥದಲ್ಲೂ ಗೋಳು, ದೂರು, ‘ಎಷ್ಟರವರೆಗೆ’ ಎಂಬ ಪ್ರಶ್ನೆ ಹೇರಳ. ಅಳುವುದು, ಕೇಳುವುದು, ಜಗಳವಾಡುವುದು ತಾಳ್ಮೆಗೆ ವಿರೋಧವಲ್ಲ. ಮಾತು ಮುರಿದು ಎದ್ದುಹೋಗುವುದು ಮಾತ್ರ ವಿರೋಧ.

ಪೇಟೆಯಲ್ಲಿ ಈ ಪದಕ್ಕೆ ಪರೀಕ್ಷೆಗಳು ಬೇಗನೆ ಬಂದವು. ಲಂಡನ್ ಮಿಷನ್ ಬೆಂಗಳೂರಿಗೆ ಬಂದದ್ದು 1820ರಲ್ಲಿ. ಬೆಂಜಮಿನ್ ಹೋಲ್ಟ್ ರೈಸ್ 1830ರ ದಶಕದಲ್ಲಿ ಬಂದು, 1887ರಲ್ಲಿ ತೀರಿಕೊಳ್ಳುವ ತನಕ ಸುಮಾರು 50 ವರ್ಷ ಪೇಟೆಯಲ್ಲಿ ಕನ್ನಡದಲ್ಲೇ ಬೋಧಿಸಿದರು, ಶಾಲೆಗಳನ್ನು ನಡೆಸಿದರು. ಹೆಣ್ಣುಮಕ್ಕಳಿಗೆ ಅಕ್ಷರವೇಕೆ ಎಂದು ಊರು ಕೇಳುತ್ತಿದ್ದ 1840ರ ಸುಮಾರಿಗೆ ಶ್ರೀಮತಿ ರೈಸ್ ಮತ್ತು ಶ್ರೀಮತಿ ಸೂವೆಲ್ ಕನ್ನಡ ಬಾಲಕಿಯರ ಶಾಲೆ ತೆರೆದರು. ಅಷ್ಟು ವರ್ಷಗಳ ಬೋಧನೆಗೆ ಓಗೊಟ್ಟು ಸಭೆಗೆ ಸೇರಿದವರು ಕೆಲವರೇ. ಸೇರಿದವರಿಗೆ ಮನೆ, ನಂಟು, ಆಸ್ತಿಯ ಪಾಲು ಕೈತಪ್ಪುವುದಿತ್ತು. ಅವರ ತಾಳ್ಮೆ ಮಿಷನರಿಗಳದಕ್ಕಿಂತ ದುಬಾರಿಯಾದದ್ದು. ಹೆಸರುಗಳು ಮಾತ್ರ ಅಷ್ಟಾಗಿ ಉಳಿದಿಲ್ಲ. ದೊಡ್ಡಪೇಟೆ ಎಂದು ಹೆಸರಿದ್ದ ಇಂದಿನ ಅವೆನ್ಯೂ ರಸ್ತೆಯಲ್ಲಿ, ಪುಸ್ತಕದಂಗಡಿಗಳ ಸಂದಣಿಯ ನಡುವೆ, ರೈಸ್ ಮೆಮೋರಿಯಲ್ ಚರ್ಚ್ ಇದೆ. ಪೇಟೆಯ ಅಂಚಿನಲ್ಲಿ, ವೆಸ್ಲಿಯನ್ ಮಿಷನ್ನಿನ ಶಿಕ್ಷಣತಜ್ಞ ಜೋಸಾಯ ಹಡ್ಸನ್ ಅವರ ನೆನಪಿನ ಹಡ್ಸನ್ ಮೆಮೋರಿಯಲ್ ಚರ್ಚ್ 1904ರಲ್ಲಿ ಎದ್ದಿತು. ಎರಡೂ ಮಿಷನ್ನುಗಳ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಎರಡೂ ಕಡೆ ಕನ್ನಡ ಆರಾಧನೆ ನಡೆದುಬಂದಿದೆ.

ಊರಿಗೆ ಊರೇ ತಾಳಬೇಕಾಗಿ ಬಂದ ಕಾಲಗಳೂ ಇದ್ದವು. 1876–78ರ ಧಾತು–ಈಶ್ವರ ಬರಗಾಲ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂಥ ಹಸಿವಿನ ಮುಂದೆ ತಾಳ್ಮೆಯ ಉಪದೇಶ ಹೇಳಿದರೆ ಅಪಚಾರ; ಗಂಜಿಯೇ ಬೇಕು. ಮಿಷನ್ನುಗಳು ಅನಾಥಾಲಯಗಳನ್ನು ತೆರೆದವು. ಕಥೋಲಿಕ ಪಾದ್ರಿಗಳು ಬರದಲ್ಲಿ ದಿಕ್ಕಿಲ್ಲದಾದವರಿಗೆ ಬೆಂಗಳೂರಿನ ಆಸುಪಾಸಿನಲ್ಲಿ ಜಮೀನು ಕೊಟ್ಟು ಬೇಸಾಯದ ಹಳ್ಳಿಗಳನ್ನು ನೆಲೆಗೊಳಿಸಿದರು. ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಆರಂಭಿಸಿದ ಸೇಂಟ್ ಮಾರ್ಥಾಸ್ ಆಸ್ಪತ್ರೆ ಇಂದಿಗೂ ಪೇಟೆಯ ಮಗ್ಗುಲಲ್ಲೇ ಇದೆ.

1898ರ ಆಗಸ್ಟ್‌ನಲ್ಲಿ ಪ್ಲೇಗು ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಕೇರಿಗಳಿದ್ದ ಪೇಟೆಗೆ ಅದರ ಹೊಡೆತ ಜೋರಾಗಿ ಬಿತ್ತು. ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಗುಡಿಸಲು ಸೇರಿದರು. ಬಸವನಗುಡಿ, ಮಲ್ಲೇಶ್ವರಗಳು ಬಡಾವಣೆಗಳಾಗಿ ಬೆಳೆದದ್ದು ಆ ಹೊಡೆತದ ನಂತರ. ಕೇರಿ ಕೇರಿಗಳಲ್ಲಿ ಪ್ಲೇಗಿನಮ್ಮನ ಗುಡಿಗಳು ಎದ್ದವು, ಚರ್ಚುಗಳಲ್ಲಿ ಮೊರೆಯ ಪ್ರಾರ್ಥನೆಗಳು ನಡೆದವು. ರೋಗಿಯನ್ನು ಮುಟ್ಟಲು ಮನೆಯವರೇ ಅಂಜುತ್ತಿದ್ದ ಕಾಲದಲ್ಲಿ ದಾದಿಯ ಕೆಲಸವೇ ತಾಳ್ಮೆಯ ಅತಿ ನಿಖರವಾದ ಅರ್ಥವಾಗಿತ್ತು: ಓಡಿಹೋಗಬಹುದಾದ ಜಾಗದಲ್ಲಿ ನಿಲ್ಲುವುದು.

ಪದಗಳ ಲೋಕದಲ್ಲೇ ಇಂಥ ತಾಳ್ಮೆಗೆ ಇನ್ನೊಂದು ಸಾಕ್ಷಿ ಫರ್ಡಿನಂಡ್ ಕಿಟೆಲ್. ಬಾಸೆಲ್ ಮಿಷನ್ನಿನಿಂದ 1853ರಲ್ಲಿ ಬಂದ ಈ ಜರ್ಮನ್ ಪಾದ್ರಿಯ ಭಾಷಾಭ್ಯಾಸದ ಗೀಳು ಮಿಷನ್ನಿನ ಹಿರಿಯರಿಗೆ ಮೊದಮೊದಲು ಹಿಡಿಸಲಿಲ್ಲ. 1864ರಲ್ಲಿ ಪತ್ನಿ ತೀರಿಕೊಂಡರು. ಕೆಲಸ ನಿಲ್ಲಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕಾವ್ಯಗಳ ಪ್ರಯೋಗಗಳ ಜೊತೆ ಜನರ ಬಾಯಿಂದ ಬಂದ ಗಾದೆಗಳನ್ನೂ ಅವರು ಉದಾಹರಣೆಯಾಗಿ ಕೊಟ್ಟಿದ್ದಾರೆ. ಮಹಾತ್ಮ ಗಾಂಧಿ ರಸ್ತೆಯ ಬಳಿ ಬೆಂಗಳೂರು ಅವರ ಪ್ರತಿಮೆ ನಿಲ್ಲಿಸಿದೆ.

ಕನ್ನಡ ಕ್ರೈಸ್ತರಿಗೆ ತಾಳುವ ಬಲ ಇಂದು ಮೂರು ದಾರಿಯಲ್ಲಿ ಬರುತ್ತದೆ. ಒಂದು ಪ್ರಾರ್ಥನೆ: ಹೇಳಿಕೊಳ್ಳಲಾಗದ್ದನ್ನು ದೇವರ ಮುಂದೆ ಹೇಳಿಕೊಳ್ಳುವುದು. ಎರಡು ಸಭೆ: ಕಾಯಿಲೆಯ ಮನೆ, ಸಾವಿನ ಮನೆ, ಕೆಲಸ ಹೋದವನ ಮನೆಗೆ ನಾಲ್ಕು ಜನ ಬಂದು ಕೂತು ಮನೆಪ್ರಾರ್ಥನೆ ಮಾಡುವುದು, ಹೋಗುವಾಗ ಅಡುಗೆಮನೆಯ ಡಬ್ಬಿಯಲ್ಲಿ ಅಕ್ಕಿಯಿದೆಯೇ ಎಂದು ನೋಡುವುದು. ಮೂರನೆಯದು ವರ್ಷದ ಕಾಲಚಕ್ರ: ಈಸ್ಟರಿಗೆ ಮುಂಚಿನ 40 ದಿನಗಳನ್ನು ಕನ್ನಡ ಕಥೋಲಿಕರು ತಪಸ್ಸುಕಾಲ ಎನ್ನುತ್ತಾರೆ, ಶಿಲುಬೆಹಾದಿಯ 14 ನಿಲುಗಡೆಗಳಲ್ಲಿ ಯೇಸು ಮೂರು ಸಲ ಬಿದ್ದು ಏಳುವುದನ್ನು ನೆನೆಯುತ್ತಾರೆ. ಐದನೆಯ ನಿಲುಗಡೆಯಲ್ಲಿ ಸಿರೇನೆಯ ಸಿಮೋನ ಶಿಲುಬೆಗೆ ಹೆಗಲು ಕೊಡುತ್ತಾನೆ. ದೇವಪುತ್ರನೂ ಒಬ್ಬನೇ ಹೊರಲಿಲ್ಲ ಎಂಬುದನ್ನು ಈ ಆಚರಣೆ ಪ್ರತಿವರ್ಷ ಕಲಿಸುತ್ತದೆ.

ತಾಳ್ಮೆಗೆ ದುರ್ಬಳಕೆಯೂ ಇದೆ. ಹೊಡೆಸಿಕೊಂಡ ಹೆಂಡತಿಗೆ ‘ತಾಳ್ಕೊಮ್ಮ’ ಎನ್ನುವುದು, ಕೂಲಿ ಸಿಗದವನಿಗೆ, ಜಾತಿಯ ಅವಮಾನ ಉಂಡವನಿಗೆ ಪರಲೋಕದ ಪ್ರತಿಫಲ ತೋರಿಸುವುದು ಚರ್ಚಿನಲ್ಲೂ ನಡೆದಿದೆ, ಚರ್ಚಿನ ಹೊರಗೂ ನಡೆದಿದೆ. ತಾಳುವುದು ಹೊತ್ತವನೇ ಕೈಗೆತ್ತಿಕೊಳ್ಳುವ ಕ್ರಿಯೆ. ಇನ್ನೊಬ್ಬರು ಅದನ್ನು ಅವನ ಮೇಲೆ ಹೇರಿದರೆ ಆ ಪದ ಸುಳ್ಳಾಗುತ್ತದೆ. ಯೋಬನ ಗೆಳೆಯರ ತಪ್ಪು ಇದೇ.

ಹಾಗಾಗಿ ಈ ಪದವನ್ನು ಉಪದೇಶವಾಗಿ ಬಳಸುವವರಿಗೆ ಒಂದು ನಿಯಮ ಸಾಕು. ಕಷ್ಟದಲ್ಲಿರುವವರಿಗೆ ‘ತಾಳ್ಮೆಯಿರಲಿ’ ಎನ್ನುವ ಹಕ್ಕು ಇರುವುದು ಹೊರೆಯ ಇನ್ನೊಂದು ತುದಿಗೆ ಕೈಕೊಟ್ಟವರಿಗೆ ಮಾತ್ರ.