ಕೇಳಿದವರಿಗಷ್ಟೇ ದಕ್ಕಿದ ನ್ಯಾಯ: ಬ್ರಿಟನ್ನಿನ ಗೃಹಸಾಲ ವಿಮೆಯ ಚರಿತ್ರೆ

2011ರ ಆರಂಭದಿಂದ 2019ರ ಕೊನೆಯವರೆಗೆ ಬ್ರಿಟನ್ನಿನ ಬ್ಯಾಂಕುಗಳೂ ಸಾಲಸಂಸ್ಥೆಗಳೂ ತಮ್ಮ ಗ್ರಾಹಕರಿಗೆ 3,800 ಕೋಟಿ ಪೌಂಡಿಗೂ ಹೆಚ್ಚು ಹಣವನ್ನು ಮರಳಿ ಕೊಟ್ಟವು. ಕೆಲಸ ಹೋದಾಗ, ಕಾಯಿಲೆ ಬಿದ್ದಾಗ, ಅಪಘಾತವಾದಾಗ ಸಾಲದ ಕಂತನ್ನು ತಾನು ಕಟ್ಟುತ್ತೇನೆಂದು ಭರವಸೆ ಕೊಡುತ್ತಿದ್ದ ‘ಪೇಮೆಂಟ್ ಪ್ರೊಟೆಕ್ಷನ್ ಇನ್ಶೂರೆನ್ಸ್’ ಎಂಬ ವಿಮೆಯನ್ನು, ಅಂದರೆ ಪಿಪಿಐಯನ್ನು, ಬೇಡದವರಿಗೂ ಉಪಯೋಗಕ್ಕೆ ಬಾರದವರಿಗೂ ಕೊಂಡದ್ದೇ ಗೊತ್ತಿಲ್ಲದವರಿಗೂ ಮಾರಿದ ತಪ್ಪಿಗೆ ತೆತ್ತ ಪರಿಹಾರ ಅದು. ಮೊತ್ತದ ಗಾತ್ರ ನೋಡಿದವರು ಇದನ್ನು ಗ್ರಾಹಕರ ಮಹಾವಿಜಯವೆಂದು ಬಣ್ಣಿಸುತ್ತಾರೆ. ಆದರೆ ಈ ಚರಿತ್ರೆಯನ್ನು ಗೃಹಸಾಲದ ಕಡೆಯಿಂದ ಓದಿದರೆ ಬೇರೊಂದು ಸಂಗತಿ ಎದ್ದು ಕಾಣುತ್ತದೆ. ತಪ್ಪು ನಡೆದದ್ದು ಮಾರಿದವರ ಕೈಯಲ್ಲಿ, ಅದರ ದಾಖಲೆ ಇದ್ದದ್ದು ಮಾರಿದವರ ಕಡತದಲ್ಲಿ. ಅದನ್ನು ಹುಡುಕಿ ತೆಗೆದು ಸಾಬೀತು ಮಾಡುವ ಹೊರೆ ಮಾತ್ರ ಬಹುಪಾಲು ಕೊಂಡವರ ಹೆಗಲಿಗೆ ಬಿತ್ತು. ನ್ಯಾಯ ಸಿಕ್ಕಿತು, ನಿಜ. ಅದು ಸಿಕ್ಕಿದ್ದು ಕೇಳಿದವರಿಗೆ.

ಈ ವಿಮೆ ಮೊದಲಿಂದಲೂ ಮೋಸವಾಗಿತ್ತೆಂದು ಹೇಳುವುದು ತಪ್ಪಾಗುತ್ತದೆ. ಅದರ ಹಿಂದೆ ನಿಜವಾದ ಭಯವೊಂದಿತ್ತು. 1980ರ ವಸತಿ ಕಾಯ್ದೆ ನಗರಸಭೆಗಳ ಬಾಡಿಗೆ ಮನೆಗಳಲ್ಲಿದ್ದವರಿಗೆ ಆ ಮನೆಗಳನ್ನೇ ಕೊಳ್ಳುವ ಹಕ್ಕು ಕೊಟ್ಟಿತು. ಸಣ್ಣ ಸಂಬಳದ ಲಕ್ಷಾಂತರ ಕುಟುಂಬಗಳು ಮೊದಲ ಬಾರಿಗೆ ದೊಡ್ಡ ಸಾಲ ಹೊತ್ತವು. 1989ರ ಅಕ್ಟೋಬರಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಬಡ್ಡಿ ದರ ಶೇಕಡಾ 15ಕ್ಕೇರಿತು, ಹಿಂದೆಯೇ ಆರ್ಥಿಕ ಹಿಂಜರಿತ ಬಂತು, ನಿರುದ್ಯೋಗ ಹಬ್ಬಿತು. 1991ರ ಒಂದೇ ವರ್ಷದಲ್ಲಿ ಸಾಲಸಂಸ್ಥೆಗಳು 75,000ಕ್ಕೂ ಹೆಚ್ಚು ಮನೆಗಳನ್ನು ವಶಪಡಿಸಿಕೊಂಡವು. ಕೆಲಸ ಕಳೆದುಕೊಂಡವರ ಗೃಹಸಾಲದ ಬಡ್ಡಿಗೆ ಅದುವರೆಗೂ ಸರ್ಕಾರ ನೆರವಾಗುತ್ತಿತ್ತು. 1995ರ ಅಕ್ಟೋಬರಿನಿಂದ ಹೊಸದಾಗಿ ಸಾಲ ಮಾಡುವವರು ಆ ನೆರವಿಗಾಗಿ ಸುಮಾರು ಒಂಬತ್ತು ತಿಂಗಳು ಕಾಯಬೇಕೆಂಬ ನಿಯಮ ಬಂತು. ನಡುವಿನ ತಿಂಗಳುಗಳನ್ನು ಖಾಸಗಿ ವಿಮೆ ತುಂಬಿಕೊಡಲಿ ಎಂಬುದು ಸರ್ಕಾರದ ಇಂಗಿತವಾಗಿತ್ತು. ಹೀಗೆ ಸರ್ಕಾರ ಹಿಂದೆ ಸರಿದ ಜಾಗಕ್ಕೆ ಮಾರುಕಟ್ಟೆ ಕಾಲಿಟ್ಟಿತು. ಗೃಹಸಾಲ ಕೊಡುವ ಮೇಜಿನ ಮೇಲೆಯೇ ವಿಮೆಯ ಅರ್ಜಿಯೂ ಬಂದು ಕೂತಿತು.

ಕೆಟ್ಟದ್ದೆಲ್ಲ ಶುರುವಾದದ್ದು ಆ ಮೇಜಿನಲ್ಲೇ. ಮನೆ ಕೊಳ್ಳುವ ಆತುರದಲ್ಲಿರುವ ಮನುಷ್ಯನ ಗಮನವೆಲ್ಲ ಸಾಲ ಮಂಜೂರಾಗುತ್ತದೋ ಇಲ್ಲವೋ ಎಂಬುದರ ಮೇಲೆ. ಅದನ್ನು ಮಂಜೂರು ಮಾಡುವ ಕೈಯೇ ವಿಮೆಯನ್ನೂ ಮುಂದಿಟ್ಟರೆ, ಬೇಡವೆಂದರೆ ಸಾಲ ತಪ್ಪೀತೆಂಬ ಅಂಜಿಕೆ ಸಹಜ. ವಿಮೆ ಕಡ್ಡಾಯವೆಂದು ಕೆಲವರಿಗೆ ನೇರವಾಗಿಯೇ ಹೇಳಲಾಯಿತು. ಕೆಲವರ ಅರ್ಜಿಯಲ್ಲಿ ಒಪ್ಪಿಗೆಯ ಗುರುತು ಮೊದಲೇ ಬಿದ್ದಿರುತ್ತಿತ್ತು. ಸ್ವಂತ ಉದ್ಯೋಗ ಮಾಡುವವರಿಗೆ ನಿರುದ್ಯೋಗದ ಪರಿಹಾರ ಪಡೆಯುವುದು ದುಸ್ತರವಾಗಿದ್ದರೂ ಅವರಿಗೂ ಪಾಲಿಸಿ ಮಾರಿದರು. ನಿವೃತ್ತರಿಗೂ, ವಯಸ್ಸಿನ ಮಿತಿ ದಾಟಿದವರಿಗೂ, ಮೊದಲೇ ಕಾಯಿಲೆಯಿದ್ದವರಿಗೂ ಮಾರಿದರು. ಬೆನ್ನುನೋವು, ಮಾನಸಿಕ ಒತ್ತಡ ಎಂಬಂಥ, ಜನ ಕೆಲಸಕ್ಕೆ ಹೋಗಲಾಗದಂತೆ ಮಾಡುವ ಸಾಮಾನ್ಯ ಕಾರಣಗಳನ್ನೇ ಹಲವು ಪಾಲಿಸಿಗಳು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿದ್ದವು. ಗೃಹಸಾಲದ ಪಾಲಿಸಿಗೆ ಸಾಮಾನ್ಯವಾಗಿ ತಿಂಗಳು ತಿಂಗಳೂ ಪ್ರೀಮಿಯಂ ಕಟ್ಟಬೇಕಿತ್ತು. ಕಂತಿನ ಜೊತೆಗೇ ಹೋಗುತ್ತಿದ್ದ ಆ ಸಣ್ಣ ಮೊತ್ತ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮನೆಯನ್ನು ಆಧಾರವಿಟ್ಟು ಪಡೆದ ಎರಡನೆಯ ಸಾಲಗಳಲ್ಲಿ ಇಡೀ ಪ್ರೀಮಿಯಂ ಅನ್ನು ಒಂದೇ ಬಾರಿಗೆ ಅಸಲಿಗೆ ಸೇರಿಸಿ, ಅದರ ಮೇಲೂ ಬಡ್ಡಿ ಹಾಕುವ ಪದ್ಧತಿಯಿತ್ತು.

ಇಷ್ಟೊಂದು ಹುರುಪಿನಿಂದ ಮಾರಲು ಕಾರಣವೇನು ಎಂಬುದಕ್ಕೆ 2014ರ ನವೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದರಲ್ಲಿ ಸ್ಪಷ್ಟ ಉತ್ತರವಿದೆ. 2006ರಲ್ಲಿ ಮನೆಯ ಆಧಾರದ ಮೇಲೆ 34,000 ಪೌಂಡ್ ಸಾಲ ಪಡೆದ ಕಾಲೇಜು ಅಧ್ಯಾಪಕಿಯೊಬ್ಬರಿಗೆ 5,780 ಪೌಂಡಿನ ವಿಮೆ ಮಾರಲಾಗಿತ್ತು. ಅದರಲ್ಲಿ ಶೇಕಡಾ 71.8ರಷ್ಟು ಸಾಲಸಂಸ್ಥೆ ಮತ್ತು ದಲ್ಲಾಳಿಯ ಕಮಿಷನ್ನಿಗೇ ಹೋಗಿತ್ತು. ಆಕೆಗೆ ಆ ಪ್ರಮಾಣವನ್ನು ಯಾರೂ ತಿಳಿಸಿರಲಿಲ್ಲ. ಕೊಟ್ಟ ಹಣದ ಮುಕ್ಕಾಲು ಭಾಗದ ಹತ್ತಿರಹತ್ತಿರ ಮಾರಿದವರ ಪಾಲಾಗುವ ವಸ್ತುವಿನಲ್ಲಿ, ಕೊಂಡವರಿಗೆ ಅದರ ಅಗತ್ಯವಿದೆಯೇ ಎಂದು ವಿಚಾರಿಸುವ ತಾಳ್ಮೆ ಮಾರುವವರಿಗೆ ಎಲ್ಲಿಂದ ಬರಬೇಕು? ಇಂಥ ಬಚ್ಚಿಟ್ಟ ಕಮಿಷನ್ ಅನ್ಯಾಯದ ಸಂಬಂಧವನ್ನು ಹುಟ್ಟುಹಾಕುತ್ತದೆಂದು ನ್ಯಾಯಾಲಯ ಹೇಳಿತು. ಅದರಿಂದ ಅನೇಕರಿಗೆ ಪರಿಹಾರದ ಹೊಸ ದಾರಿ ತೆರೆಯಿತು. ಆದರೆ ತೀರ್ಪಿಗೆ ಆಧಾರವಾದ ಸಾಲ ಕಾಯ್ದೆಯ ವಿಧಿ, ಹಣಕಾಸು ನಿಯಂತ್ರಕರ ವ್ಯಾಪ್ತಿಗೆ ಸೇರಿದ ಮೊದಲ ಗೃಹಸಾಲಗಳಿಗೆ ಅನ್ವಯಿಸುತ್ತಿರಲಿಲ್ಲ. ಬದುಕಿನ ಅತಿ ದೊಡ್ಡ ಸಾಲ ಮಾಡಿದವರೇ ಆ ದಾರಿಯ ಹೊರಗುಳಿದರು.

ಯಾರಿಗೆ ಯಾವಾಗ ಗೊತ್ತಿತ್ತು ಎಂಬ ಪ್ರಶ್ನೆ ಇಲ್ಲಿ ಮುಖ್ಯ. ವಿಮೆ ಮಾರಾಟ 2005ರ ಜನವರಿಯಲ್ಲಿ ಹಣಕಾಸು ಸೇವಾ ಪ್ರಾಧಿಕಾರದ ಹಿಡಿತಕ್ಕೆ ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ‘ಸಿಟಿಜನ್ಸ್ ಅಡ್ವೈಸ್’ ಎಂಬ ಸೇವಾಸಂಸ್ಥೆ, ತನ್ನ ಬಳಿಗೆ ಬಂದ ಜನರ ಕಷ್ಟಗಳನ್ನು ಮುಂದಿಟ್ಟು, ನ್ಯಾಯಯುತ ವ್ಯಾಪಾರ ಕಚೇರಿಗೆ ಇಡೀ ಮಾರುಕಟ್ಟೆಯ ವಿರುದ್ಧ ದೂರು ಸಲ್ಲಿಸಿತು. 2007ರಲ್ಲಿ ವಿಷಯ ಸ್ಪರ್ಧಾ ಆಯೋಗದ ಮುಂದೆ ಹೋಯಿತು. 2008ರಲ್ಲಿ ಅಲಯನ್ಸ್ ಅಂಡ್ ಲೀಸೆಸ್ಟರ್ ಬ್ಯಾಂಕಿಗೆ 70 ಲಕ್ಷ ಪೌಂಡ್ ದಂಡ ಬಿತ್ತು. 2009ರಲ್ಲಿ ಸ್ಪರ್ಧಾ ಆಯೋಗ, ಸಾಲ ಮಾರುವ ಗಳಿಗೆಯಲ್ಲೇ ವಿಮೆ ಮಾರಕೂಡದೆಂದು ನಿರ್ಧರಿಸಿತು. 2010ರ ಆಗಸ್ಟಿನಲ್ಲಿ ಪ್ರಾಧಿಕಾರ ದೂರು ವಿಚಾರಣೆಗೆ ಕಟ್ಟುನಿಟ್ಟಿನ ನಿಯಮ ತಂದಾಗ ಬ್ಯಾಂಕುಗಳ ಸಂಘ ಹೈಕೋರ್ಟಿಗೆ ಹೋಯಿತು, 2011ರ ಏಪ್ರಿಲಿನಲ್ಲಿ ಸೋತಿತು. ಮೇ ತಿಂಗಳಲ್ಲಿ ಲಾಯ್ಡ್ಸ್ ಬ್ಯಾಂಕ್ ಹೋರಾಟ ಕೈಬಿಟ್ಟು 320 ಕೋಟಿ ಪೌಂಡ್ ಪರಿಹಾರಕ್ಕೆಂದು ತೆಗೆದಿಟ್ಟಿತು; ಸಂಘವೂ ಮೇಲ್ಮನವಿಯ ಆಸೆ ಬಿಟ್ಟಿತು. ಮೊದಲ ದೊಡ್ಡ ದೂರಿನಿಂದ ಇಲ್ಲಿಯವರೆಗೆ ಆರು ವರ್ಷಗಳ ಹತ್ತಿರ ಕಳೆದಿತ್ತು. ಬ್ಯಾಂಕುಗಳು ಮುಗಿದ ಖಾತೆಗಳ ದಾಖಲೆಯನ್ನು ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಿದ್ದುದೂ ಆರು ವರ್ಷ. ವಾದ ನಡೆಯುತ್ತಿದ್ದಷ್ಟು ಕಾಲ ಸಾಕ್ಷ್ಯ ಸವೆಯುತ್ತಿತ್ತು.

ಹಳೆಯ ಗೃಹಸಾಲದ ವಿಮೆಯ ಹಣವನ್ನು ವಾಪಸು ಕೇಳಹೊರಟವರಿಗೆ ಇದರ ಪೂರ್ಣ ಅರ್ಥವಾಯಿತು. ಸಾಲ ತೀರಿದ್ದರೂ ಕೇಳುವ ಹಕ್ಕಿತ್ತು. ದೂರು ಗೆದ್ದರೆ ಕಟ್ಟಿದ ಪ್ರೀಮಿಯಂ ಪೂರ್ತಿ ಮರಳುತ್ತಿತ್ತು, ಜೊತೆಗೆ ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 8ರ ಸರಳ ಬಡ್ಡಿ ಸೇರುತ್ತಿತ್ತು. ಆದರೆ 1990ರ ದಶಕದ ಸಾಲಪತ್ರ ಎಷ್ಟು ಮನೆಗಳಲ್ಲಿ ಉಳಿದಿರುತ್ತದೆ? ಸಾಲ ಕೊಟ್ಟ ಸಂಸ್ಥೆಯೇ ಎಷ್ಟೋ ಸಲ ಉಳಿದಿರಲಿಲ್ಲ. ಅಬ್ಬೆ ನ್ಯಾಷನಲ್ ಮತ್ತು ಅಲಯನ್ಸ್ ಅಂಡ್ ಲೀಸೆಸ್ಟರ್ ಎರಡೂ ಸ್ಯಾಂಟಾಂಡರ್ ಬ್ಯಾಂಕಿನಲ್ಲಿ ಕರಗಿಹೋಗಿದ್ದವು. ಹ್ಯಾಲಿಫ್ಯಾಕ್ಸ್ ಲಾಯ್ಡ್ಸ್ ಬಳಗಕ್ಕೆ ಸೇರಿತ್ತು. ವಿಮೆ ಮಾರಿದ್ದು ಬ್ಯಾಂಕಲ್ಲ, ಈಗ ಬಾಗಿಲು ಮುಚ್ಚಿದ ದಲ್ಲಾಳಿ ಎಂದಾದರೆ ದಾರಿ ಇನ್ನೂ ಕಿರಿದು. ದಿವಾಳಿಯಾದ ಸಂಸ್ಥೆಗಳ ಪರವಾಗಿ ಹಣ ಕೊಡುವ ಪರಿಹಾರ ನಿಧಿ 2005ರ ಜನವರಿಗೆ ಮುಂಚಿನ ಮಾರಾಟಗಳನ್ನು ಪರಿಗಣಿಸುತ್ತಿರಲಿಲ್ಲ. ಈ ಗೋಜಲನ್ನು ಬಿಡಿಸಿಕೊಡುತ್ತೇವೆಂದು ಹುಟ್ಟಿಕೊಂಡ ಕ್ಲೇಮ್ ಕಂಪನಿಗಳು ಗೆದ್ದ ಹಣದಲ್ಲಿ ದೊಡ್ಡ ಪಾಲನ್ನೇ ಎತ್ತಿಕೊಂಡವು. ಅವುಗಳ ಶುಲ್ಕಕ್ಕೆ ಶೇಕಡಾ 20ರ ಮಿತಿ ಬಂದದ್ದು 2018ರ ಜುಲೈನಲ್ಲಿ, ಕೊನೆಯ ಗಡುವಿಗೆ ಒಂದು ವರ್ಷ ಚಿಲ್ಲರೆ ಉಳಿದಿದ್ದಾಗ. ಉಚಿತವಾಗಿ ಸಿಗಬೇಕಿದ್ದ ನ್ಯಾಯಕ್ಕೆ ಜನ ಎರಡನೆಯ ಸಲ ಕಮಿಷನ್ ತೆತ್ತರು.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು: ಸಹಿ ಹಾಕಿದವರು ಬುದ್ಧಿ ಬಲಿತವರು, ಓದಿ ಸಹಿ ಹಾಕಬೇಕಿತ್ತು. ಗೃಹಸಾಲದ ಕಾಗದಗಳು ಹತ್ತಾರು ಪುಟ. ಪಾಲಿಸಿಯ ಷರತ್ತುಗಳನ್ನು ಬರೆದದ್ದು ವಿಮಾ ಕಂಪನಿಯ ವಕೀಲರು. ಒಂದೆರಡು ಸಾವಿರ ಜನ ಓದದೆ ಮೋಸಹೋದರೆ ಅದು ಅವರ ಅಜಾಗರೂಕತೆ ಎನ್ನಬಹುದೇನೋ. ಸುಮಾರು 6.4 ಕೋಟಿ ಪಾಲಿಸಿಗಳು ಮಾರಾಟವಾಗಿ, 3 ಕೋಟಿಗೂ ಹೆಚ್ಚು ದೂರುಗಳು ಬಂದಾಗ ಆ ಮಾತು ನಿಲ್ಲುವುದಿಲ್ಲ. ದೋಷ ಓದುವವರ ಕಣ್ಣಿನದಲ್ಲ, ಮಾರುವ ವ್ಯವಸ್ಥೆಯದು. ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಈ ವಿಮೆ ಕೆಲವರ ಮನೆ ಉಳಿಸಿದೆ, ಎಲ್ಲವನ್ನೂ ಮೋಸವೆನ್ನುವುದು ಸಲ್ಲದು. ಒಪ್ಪಬೇಕಾದ ಮಾತು. ಸಂಬಳದ ನೌಕರನೊಬ್ಬ ಷರತ್ತು ತಿಳಿದು, ಬೆಲೆ ತಿಳಿದು ಕೊಂಡಿದ್ದರೆ ಅದು ಸರಿಯಾದ ಮಾರಾಟವೇ; ಅವನಿಗೆ ಹಣ ವಾಪಸು ಮಾಡಬೇಕಿಲ್ಲ. ಆದರೆ ಒಳ್ಳೆಯ ಮಾರಾಟವನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಕೆಲಸ ಯಾರದಾಗಬೇಕಿತ್ತು ಎಂಬುದೇ ಪ್ರಶ್ನೆ.

ಮೂರನೆಯ ಆಕ್ಷೇಪ ಅದಕ್ಕೇ ಉತ್ತರವೆಂಬಂತೆ ಬರುತ್ತದೆ. ಮಾರಾಟ ಮಾತಿನಲ್ಲಿ ನಡೆದದ್ದು, ಯಾರು ಯಾರಿಗೆ ಏನು ಹೇಳಿದರೆಂದು ಬ್ಯಾಂಕಿಗೆ ತಾನಾಗಿ ತಿಳಿಯುವುದು ಹೇಗೆ, ಗ್ರಾಹಕ ಬಂದು ಹೇಳಲೇಬೇಕಲ್ಲ? ಅಲ್ಲದೆ 2010ರ ನಿಯಮಗಳು ದೂರು ಕೊಡದವರ ಬಗೆಗೂ ಯೋಚಿಸುವಂತೆ ಸಂಸ್ಥೆಗಳಿಗೆ ಹೇಳಿದ್ದವು, ಕೆಲವು ಸಂಸ್ಥೆಗಳು ಹಳೆಯ ಗ್ರಾಹಕರಿಗೆ ಪತ್ರ ಬರೆದವು ಕೂಡ. ಆದರೂ ಈ ವಾದ ಅರ್ಧ ದಾರಿಯಷ್ಟೇ ಸಾಗುತ್ತದೆ. ಮಾತಿನ ಒತ್ತಾಯ ಕಡತದಲ್ಲಿ ಇರಲಾರದು; ಆದರೆ ಅರ್ಜಿದಾರನ ವಯಸ್ಸು, ಉದ್ಯೋಗ, ಸ್ವಂತ ದುಡಿಮೆಯೋ ಸಂಬಳವೋ ಎಂಬುದು ಗೃಹಸಾಲದ ಅರ್ಜಿಯಲ್ಲೇ ಇರುತ್ತದೆ. ಇವುಗಳಿಲ್ಲದೆ ಸಾಲವೇ ಮಂಜೂರಾಗದು. ಪಾಲಿಸಿಯಿಂದ ಪ್ರಯೋಜನ ಪಡೆಯಲಾಗದವರು ಯಾರೆಂದು ಆ ಕಾಗದ ನೋಡಿದರೆ ಸಾಕಿತ್ತು. ಕನಿಷ್ಠ ಆ ವರ್ಗದವರ ಹಣವನ್ನು 2005ರ ದೂರಿನ ಬೆನ್ನಲ್ಲೇ, ಯಾರೂ ಕೇಳದೆ, ಹಿಂದಿರುಗಿಸಬಹುದಿತ್ತು. ಆದದ್ದು ಬೇರೆ. 2015ರಲ್ಲಿ ಲಾಯ್ಡ್ಸ್ ಬಳಗಕ್ಕೆ ಬಿದ್ದ 11.7 ಕೋಟಿ ಪೌಂಡ್ ದಂಡದ ಕಾರಣ ನೋಡಿ: ತಮ್ಮ ಮಾರಾಟದ ಕ್ರಮ ಸರಿಯಾಗಿಯೇ ಇತ್ತೆಂದು ಭಾವಿಸಿ ದೂರುಗಳನ್ನು ತೂಗಬೇಕೆಂದು ಸಿಬ್ಬಂದಿಗೆ ಸೂಚಿಸಲಾಗಿತ್ತು. ಕೇಳಿ ಬಂದವರ ಮಾತನ್ನೇ ನಂಬದ ಕಡೆ, ಕೇಳದವರನ್ನು ಹುಡುಕಿಕೊಂಡು ಹೋಗುವ ಉತ್ಸಾಹವನ್ನು ನಿರೀಕ್ಷಿಸಲಾಗದು.

ಕೊನೆಯ ಆಕ್ಷೇಪ ಗಡುವಿನದು. ಎಂದಾದರೊಂದು ದಿನ ಲೆಕ್ಕ ಮುಗಿಯಲೇಬೇಕು, ಅದಕ್ಕೆ 2019ರ ಆಗಸ್ಟ್ 29 ಎಂದು ನಿಗದಿಯಾಯಿತು, ನಿಯಂತ್ರಕರು ಟಿ.ವಿ., ಪತ್ರಿಕೆಗಳಲ್ಲಿ ದೊಡ್ಡ ಪ್ರಚಾರ ನಡೆಸಿ ಜನರನ್ನು ಎಚ್ಚರಿಸಿದರು. ಕೊನೆಯ ದಿನಗಳಲ್ಲಿ ಅರ್ಜಿಗಳ ಮಹಾಪೂರವೇ ಹರಿಯಿತು. ಪ್ರಚಾರ ಕೆಲಸ ಮಾಡಿತು ಎನ್ನುವುದಕ್ಕೆ ಅದು ಸಾಕ್ಷಿ. ಅಷ್ಟು ಜನ ಅದುವರೆಗೂ ಕೇಳಿರಲೇ ಇಲ್ಲ ಎನ್ನುವುದಕ್ಕೂ ಅದೇ ಸಾಕ್ಷಿ. ದೂರಿಗೆ ಗಡುವು ಬೇಕು. ಆದರೆ ಗಡುವು ನ್ಯಾಯವಾಗುವುದು, ತಪ್ಪು ಮಾಡಿದವರು ತಮ್ಮ ಕಡತಗಳನ್ನು ಮೊದಲು ತಾವೇ ಶೋಧಿಸಿ ಮುಗಿಸಿದ ಮೇಲೆ. ವಯಸ್ಸಾದವರು, ಕಾಯಿಲೆಯವರು, ಇಂಗ್ಲಿಷ್ ಕಾಗದಪತ್ರ ಕಂಡರೆ ಹಿಂಜರಿಯುವ ವಲಸಿಗರು ಯಾವ ಪ್ರಚಾರಕ್ಕೂ ಸುಲಭವಾಗಿ ಎಟಕುವವರಲ್ಲ; ವಿಮೆಯ ಆಸರೆ ಹೆಚ್ಚು ಬೇಕಿದ್ದವರೂ ಅವರೇ.

ಈ ಚರಿತ್ರೆ ನಮಗೆ ದೂರದ್ದಲ್ಲ. ಭಾರತದಲ್ಲೂ ಗೃಹಸಾಲದ ಜೊತೆ ಒಂದೇ ಕಂತಿನ ವಿಮೆಯನ್ನು ಮಾರಿ, ಪ್ರೀಮಿಯಂ ಅನ್ನು ಸಾಲದ ಮೊತ್ತಕ್ಕೇ ಸೇರಿಸುವ ರೂಢಿಯಿದೆ. ಸಾಲಗಾರ ಸತ್ತರೆ ಕುಟುಂಬದ ತಲೆಯ ಮೇಲೆ ಸೂರು ಉಳಿಯಲಿ ಎಂಬ ಉದ್ದೇಶ ಒಳ್ಳೆಯದೇ; ಬ್ರಿಟನ್ನಿನ ವಿಮೆಯ ಉದ್ದೇಶವೂ ಒಳ್ಳೆಯದೇ ಇತ್ತು. ಸಾಲ ಮತ್ತು ವಿಮೆಯ ಮಾರಾಟದ ನಡುವೆ ಕೆಲವು ದಿನಗಳ ಅಂತರ, ಕಮಿಷನ್ ಎಷ್ಟೆಂದು ಸಾಲಗಾರನ ಭಾಷೆಯಲ್ಲೇ ತಿಳಿಸುವ ಕಡ್ಡಾಯ, ಅನರ್ಹರಿಗೆ ಮಾರಿದ್ದು ಕಂಡಕೂಡಲೇ ದೂರಿಗೆ ಕಾಯದೆ ಹಣ ಹಿಂದಿರುಗಿಸುವ ಹೊಣೆ: ಬ್ರಿಟನ್ ಇವುಗಳಲ್ಲಿ ಮೊದಲನೆಯದನ್ನು ತಡವಾಗಿ ಕಲಿತಿತು, ಎರಡನೆಯದನ್ನು ನ್ಯಾಯಾಲಯದ ಬಾಯಿಂದ ಕೇಳಿತು, ಮೂರನೆಯದನ್ನು ಪೂರ್ತಿಯಾಗಿ ಕಲಿಯಲೇ ಇಲ್ಲ. ನಮ್ಮ ನಿಯಂತ್ರಕರು ಆ ಮೂರನೆಯದರಿಂದಲೇ ಆರಂಭಿಸಬೇಕು. ಏಕೆಂದರೆ ಮಾರಿದವನ ಲೆಕ್ಕಪುಸ್ತಕದಲ್ಲಿ ಬರೆದಿರುವ ತಪ್ಪನ್ನು ತಿದ್ದುವ ಕರ್ತವ್ಯ, ಕೊಂಡವನ ನೆನಪಿನ ಶಕ್ತಿಯನ್ನು ಅವಲಂಬಿಸಿರಬಾರದು.