ತೂಬಿನ ಸರದಿ, ತಂತಿಯ ಸರದಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಈ ಐದು ತಾಲ್ಲೂಕುಗಳ ಚರಿತ್ರೆಯನ್ನು ಒಂದು ಮಾತಿನಲ್ಲಿ ಹೇಳೆಂದರೆ, ಅದು ನೀರಿನ ಸರದಿಯ ಚರಿತ್ರೆ ಎನ್ನುತ್ತೇನೆ. ಮಳೆ ಕಡಮೆಯಾದ ಈ ಬಯಲುಸೀಮೆಯಲ್ಲಿ ಕೆರೆ ಕಟ್ಟಿಸಿದವನು ಪುಣ್ಯವಂತನೆನಿಸಿದ; ಕಟ್ಟಿದ ಕೆರೆಯನ್ನು ಬಾಳಿಸಿದವನು ಮಾತ್ರ ನೀರಗಂಟಿ. ತೂಬನ್ನು ಎಷ್ಟು ತೆರೆಯಬೇಕು, ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಆಮೇಲೆ ಎಂಬ ಲೆಕ್ಕವೆಲ್ಲ ಅವನ ತಲೆಯಲ್ಲಿರುತ್ತಿತ್ತು. ಸುಗ್ಗಿಯಲ್ಲಿ ಅವನಿಗೆ ಸಲ್ಲುತ್ತಿದ್ದುದು ಒಂದಿಷ್ಟು ಕಾಳು. ಊರಿನ ಮೇಲುಕೀಳು ಆ ಸರದಿಯೊಳಕ್ಕೆ ನುಸುಳಲಿಲ್ಲವೆಂದು ನಾನು ಹೇಳಲಾರೆ. ಆದರೂ ಸರದಿ ತಪ್ಪಿದಾಗ ಕೇಳುವುದಕ್ಕೆ ಕಣ್ಣೆದುರಿಗೆ ಒಬ್ಬ ಮನುಷ್ಯನಿದ್ದ.

ಈಗ ಆ ಸರದಿ ತೂಬನ್ನು ಬಿಟ್ಟು ತಂತಿಯನ್ನು ಸೇರಿದೆ. ಅದು ಸೇರಿದ ಬಗೆ ವಿಚಾರಮಾಡತಕ್ಕದ್ದು.

ನಮ್ಮ ನಾಡಿನ ವಿದ್ಯುತ್ತಿನ ಕಥೆ ಶಿವನಸಮುದ್ರದಿಂದ ಮೊದಲಾಗುತ್ತದೆ. 1902ರಲ್ಲಿ ಅಲ್ಲಿ ಹುಟ್ಟಿದ ಶಕ್ತಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಯನ್ನು ಮುಟ್ಟಿತು. ಬೆಂಗಳೂರಿಗೆ ದೀಪ ಬಂದುದು 1905ರಲ್ಲಿ. ಮೊದಲು ಚಿನ್ನ, ಆಮೇಲೆ ನಗರ. ಹಳ್ಳಿಯ ಸರದಿ ಬಹಳ ತಡವಾಗಿ ಬಂತು. ನಮ್ಮ ಈ ಸೀಮೆಯೋ ಆಗ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರನ್ನು ಕೂಡಿದ್ದು 1953ರ ಅಕ್ಟೋಬರ್ 1ರಂದು. ಅದೇ ಕಾಲಕ್ಕೆ ತುಂಗಭದ್ರೆಯ ಅಣೆಕಟ್ಟು ಎದ್ದಿತು. ಹಗರಿಬೊಮ್ಮನಹಳ್ಳಿಯ ಕಡೆಯ ನೆಲ ಹಿನ್ನೀರಿಗೆ ಹೋಯಿತು. ಕಾಲುವೆಗಳು ಅಣೆಕಟ್ಟಿನ ಕೆಳಗಿನ ಸೀಮೆಗೆ ಹರಿದವು. ಮೇಲುಗಡೆ ಉಳಿದ ಈ ತಾಲ್ಲೂಕುಗಳ ಬಹುಪಾಲು ರೈತರಿಗೆ ಕೆರೆ, ಬಾವಿಗಳೇ ಗತಿಯಾದವು.

1957ರಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಶರಾವತಿಯ ವಿದ್ಯುತ್ತು ನಾಡಿಗೆ ಒದಗಿತು. ಕಪಿಲೆ ಬಾನಿ ಮೂಲೆಗೆ ಸರಿದು ಪಂಪುಸೆಟ್ಟು ಬಂತು, ಅದರ ಹಿಂದೆಯೇ ಕೊಳವೆಬಾವಿ. 10 ಅಶ್ವಶಕ್ತಿಯವರೆಗಿನ ಪಂಪುಸೆಟ್ಟುಗಳಿಗೆ 2008ರಲ್ಲಿ ವಿದ್ಯುತ್ತು ಉಚಿತವಾಯಿತು. ಬೆಲೆಯಿಲ್ಲದ ವಸ್ತುವಿಗೆ ಅಳತೆಯೂ ಇಲ್ಲದಂತಾಯಿತು: ಯಾವ ಹೊಲ ಎಷ್ಟು ವಿದ್ಯುತ್ತು ಕುಡಿಯಿತೆಂಬುದು ಬಹುಮಟ್ಟಿಗೆ ಅಂದಾಜಿನ ಮಾತು.

ಅಳತೆಯಿಲ್ಲದಿದ್ದರೂ ಸರದಿಯೇನೋ ಬೇಕಷ್ಟೆ? ಊರುಗಳನ್ನು ಪಾಳಿ ಪಾಳಿಯಾಗಿ ಹಂಚಿ, ತ್ರೀ ಫೇಸನ್ನು ಕೆಲವೇ ಗಂಟೆ ಕೊಡುವುದು ರೂಢಿಯಾಯಿತು. ನಗರಕ್ಕೆ ಬೇಡವಾದ ಹೊತ್ತು ರೈತನ ಪಾಲಿಗೆ ಬಂತು. ಆ ಹೊತ್ತು ಹಲವು ಸಲ ನಡುರಾತ್ರಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಗಳಿಗಾಗಿ ಅಭಯಾರಣ್ಯವೇ ಇದೆ. ಅಂಥ ಸೀಮೆಯಲ್ಲಿ ಬ್ಯಾಟರಿ ಹಿಡಿದು ಮೋಟರು ಹಾಕಲು ಹೊರಟವನ ಮನೆಯವರಿಗೆ ನಿದ್ರೆ ಎಲ್ಲಿಂದ ಬರಬೇಕು? ಮನೆಗಳಿಗೆಂದು ಬಿಟ್ಟ ಒಂಟಿ ಫೇಸಿಗೇ ಕಪಾಸಿಟರು ಕಟ್ಟಿ ಹಗಲಲ್ಲಿ ಮೋಟರು ಓಡಿಸುವ ಉಪಾಯವನ್ನು ರೈತ ಕಲಿತದ್ದರಲ್ಲಿ ಆಶ್ಚರ್ಯವಿಲ್ಲ. ಹೊರೆ ಮೀರಿ ಟೀಸಿ ಸುಟ್ಟರೆ ಊರಿಗೂರೇ ಕತ್ತಲು. ಇದನ್ನು ತಪ್ಪಿಸಲು ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಮನೆಯ ತಂತಿ, ಹೊಲದ ತಂತಿ ಬೇರೆ ಬೇರೆಯಾದವು.

ಕೆರೆಯ ಕಟ್ಟಕಡೆಯ ಗದ್ದೆಗೆ ನೀರು ಬತ್ತುವಂತೆ, ತಂತಿಯ ಕಟ್ಟಕಡೆಯ ಮೋಟರಿಗೆ ವೋಲ್ಟೇಜು ಬತ್ತುತ್ತದೆ. ಆಗ ಮೋಟರು ಹೆಚ್ಚು ಕರೆಂಟು ಎಳೆದು ತನ್ನ ಸುತ್ತನ್ನು ತಾನೇ ಸುಟ್ಟುಕೊಳ್ಳುತ್ತದೆ. ನೀರಗಂಟಿ ಬದುವಿನ ಮೇಲೆ ನಡೆದು ಆ ಗದ್ದೆಯನ್ನು ಕಾಣುತ್ತಿದ್ದ. ತಂತಿಗೆ ಕಣ್ಣಿರಲಿಲ್ಲ; ಅದು ಶಕ್ತಿಯನ್ನು ಹೊತ್ತೊಯ್ಯುತ್ತಿತ್ತೇ ಹೊರತು ಸುದ್ದಿಯನ್ನು ಮರಳಿ ತರುತ್ತಿರಲಿಲ್ಲ.

ಸ್ಮಾರ್ಟ್ ಗ್ರಿಡ್ ಎಂಬುದರ ತಿರುಳು ಇಲ್ಲಿದೆ: ತಂತಿಗೆ ಮರುಮಾತು ಕಲಿಸುವುದು. ಯಾವ ಟೀಸಿಯ ಮೇಲೆ ಎಷ್ಟು ಹೊರೆ, ಎಲ್ಲಿ ವೋಲ್ಟೇಜು ಇಳಿಯಿತು ಎಂಬುದನ್ನು ಮೀಟರೇ ಕಚೇರಿಗೆ ತಿಳಿಸುತ್ತದೆ. ಮೈಸೂರಿನಲ್ಲಿ ಸುಮಾರು 21 ಸಾವಿರ ಗ್ರಾಹಕರ ನಡುವೆ ಇದರ ಪ್ರಯೋಗ ನಡೆದಿದೆ. ಇದು ಬರಿಯ ಷೋಕಿಯಲ್ಲ. ಹರಪನಹಳ್ಳಿಯ ಸೀಮೆಯಲ್ಲಿ ಗಾಳಿಯಂತ್ರಗಳು ನಿಂತಿವೆ. ಅವು ಆಷಾಢದಲ್ಲಿ ಭರದಿಂದ ತಿರುಗುತ್ತವೆ, ಗಾಳಿ ಬಿದ್ದರೆ ನಿಲ್ಲುತ್ತವೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ಇಡೀ ದೇಶದ ಜಾಲದೊಡನೆ ಒಂದಾಗಿ, ಒಂದೇ 50 ಹರ್ಟ್ಸಿನ ತಾಳಕ್ಕೆ ಸೇರಿತು. ಇಂಥ ಜಾಲದಲ್ಲಿ ಉತ್ಪತ್ತಿಯನ್ನೂ ಬಳಕೆಯನ್ನೂ ಕ್ಷಣಕ್ಷಣಕ್ಕೂ ಸರಿದೂಗಿಸಲೇಬೇಕು.

ಆದರೆ ಹೊಸ ನೀರಗಂಟಿಯ ಮೊದಲ ಕೆಲಸ ಯಾವುದಾಗಬೇಕು? ಕೇಂದ್ರ ಸರ್ಕಾರದ 2021ರ ಯೋಜನೆ ಪ್ರೀಪೇಡ್ ಸ್ಮಾರ್ಟ್ ಮೀಟರಿನಿಂದ ಬೇಸಾಯದ ಪಂಪನ್ನು ಹೊರಗಿಟ್ಟಿತು. ಬಿಲ್ಲಿನ ಭಯದಿಂದ ರೈತನನ್ನು ಉಳಿಸಿದ್ದು ಸರಿಯೇ. ಆದರೆ ಅಳತೆಯಿಂದಲೇ ದೂರವುಳಿದವನ ಕಷ್ಟವೂ ಲೆಕ್ಕಕ್ಕೆ ಬರುವುದಿಲ್ಲ. ಊರಿನ ಟೀಸಿಗಾದರೂ ಮೀಟರಿದ್ದು, ಅದರ ಲೆಕ್ಕ ಪಂಚಾಯಿತಿಯ ಗೋಡೆಯ ಮೇಲೆ ಕಾಣುವಂತಾದರೆ, ನಡುರಾತ್ರಿಯ ಪಾಳಿ ಯಾರ ಪಾಲಿಗೆ ಎಷ್ಟು ಸಲ ಬಂತೆಂದು ಊರೇ ಕೇಳಬಹುದು. 2019ರಲ್ಲಿ ಆರಂಭವಾದ ಕುಸುಮ್ ಯೋಜನೆ ಸೂರ್ಯಶಕ್ತಿಯಿಂದ ಹಗಲಲ್ಲೇ ಪಂಪು ನಡೆಸುವ ದಾರಿಯನ್ನು ತೋರಿದೆ. ಬಿಸಿಲಿಗೇನೂ ಬರವಿಲ್ಲದ ಈ ನಾಡಿಗೆ ಅದು ಒಪ್ಪುವ ದಾರಿ.

ನಗರದ ನಮಗೆ ಸ್ಮಾರ್ಟ್ ಮೀಟರೆಂದರೆ ಬಿಲ್ಲಿನ ಚಿಂತೆ. ಕೂಡ್ಲಿಗಿಯ ರೈತನಿಗೆ ಅದು ಹಗಲು ರಾತ್ರಿಯ ಪ್ರಶ್ನೆ. ಹೊಸ ಜಾಲ ಜಾಣತನವನ್ನು ಎಷ್ಟೇ ಕಲಿಯಲಿ, ಸರದಿ ತಪ್ಪಿದಾಗ ಕೇಳಿದವನಿಗೆ ಉತ್ತರ ಕೊಡುವ ಗುಣವನ್ನು ಹಳೆಯ ತೂಬಿನ ಕಟ್ಟೆಯಿಂದಲೇ ಕಲಿಯಬೇಕು.