ಗುರುವಿಗೆ ಅರ್ಪಿತವಾದ ಮಹಾಕಾವ್ಯ

ಹೊಸಪೇಟೆಯಿಂದ ಕಡ್ಡಿರಾಂಪುರದ ಮೂಲಕ ಹಂಪೆಗೆ ಹೋಗುವಾಗಲೆಲ್ಲ ರಾಘವಾಂಕ ನೆನಪಾಗುತ್ತಾನೆ. ಅವನ ಹಿಂದೆಯೇ, ಹರಿಶ್ಚಂದ್ರಕಾವ್ಯವನ್ನು ಎ.ಆರ್. ಕೃಷ್ಣಶಾಸ್ತ್ರಿಗಳೊಡನೆ ಸಂಗ್ರಹಿಸಿ ವಿದ್ಯಾರ್ಥಿಗಳ ಕೈಗಿತ್ತ ಟಿ.ಎಸ್. ವೆಂಕಣ್ಣಯ್ಯನವರೂ ನೆನಪಾಗುತ್ತಾರೆ.

ಚಳ್ಳಕೆರೆ ಸೀಮೆಯ ತಳುಕಿನಲ್ಲಿ 1885ರಲ್ಲಿ ಜನಿಸಿದ ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಪ್ರಥಮ ಕನ್ನಡ ಪ್ರಾಧ್ಯಾಪಕರು. ಅವರು ತಾವು ಬರೆದುದಕ್ಕಿಂತ ಶಿಷ್ಯರನ್ನು ಬೆಳೆಸಿದುದೇ ಹೆಚ್ಚು. 1967ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರವಾದ ‘ಶ್ರೀರಾಮಾಯಣದರ್ಶನಂ’ ಕಾವ್ಯವನ್ನು ಕುವೆಂಪು ಅರ್ಪಿಸಿದ್ದು ಈ ಗುರುವಿಗೆ. ಆದರೆ 1939ರಲ್ಲೇ ಅಗಲಿದ ಗುರುಗಳು ಅಚ್ಚಾದ ಆ ಕಾವ್ಯವನ್ನು ಕಾಣಲಿಲ್ಲ.

ಇಂದು ಅಧ್ಯಾಪಕರ ಯೋಗ್ಯತೆಯನ್ನು ಪ್ರಕಟಣೆಗಳ ಅಂಕಗಳಿಂದ ಅಳೆಯುತ್ತೇವೆ. ಆ ತಕ್ಕಡಿಯಲ್ಲಿ ವೆಂಕಣ್ಣಯ್ಯನವರು ಹಗುರವೆನಿಸಿಯಾರು. ಶಿಷ್ಯನ ಮಹಾಕಾವ್ಯದ ಅರ್ಪಣೆಯನ್ನು ಯಾವ ಅಂಕಪಟ್ಟಿಯಲ್ಲಿ ನಮೂದಿಸೋಣ?